ಕುಂಚಾವರಂನಲ್ಲಿ ನೆರಳಿನ ಲೆಕ್ಕ

ಖಮರುನ್ನಿಸಾಳ ಹಿತ್ತಲಿಗೆ ಗೋಡೆ ಮೂರೇ.
ನಾಲ್ಕನೆಯದು ಅಡವಿ.
ಮೊದಲಿಗೊಂದು ಮುದಿ ಮತ್ತಿ, ಮೊಸಳೆಯ ತೊಗಲಿನದು,
ಅದರಾಚೆ ಯಾರೂ ಎಣಿಸದ ದಿಂಡಲ, ಸಾಗವಾನಿ, ಕಮರ.
ಈಚೆ, ಹೊರಸಿನ ಮೇಲೆ ನಾವು ಮೂವರು,
ಬಶಿಯಲ್ಲಿ ಆರುತ್ತಿರುವ ಚಹಾ,
ಹಳೇ ಎಣ್ಣೆಡಬ್ಬಿಗಳಲ್ಲಿ ಬರೀ ಮಣ್ಣು.

ಮೇ ತಿಂಗಳು. ನಾನು ಕಲಬುರಗಿಯವಳು.
ಶಹಾಬಾದ ಪರಸಿ ಹಾಸಿದ ನನ್ನ ಅಂಗಳಕ್ಕೆ
ಮಧ್ಯಾಹ್ನ ಎರಡಕ್ಕೆ ಬೆಕ್ಕೂ ಕಾಲಿಡುವುದಿಲ್ಲ.
ಉತ್ತರದ ಗೋಡೆಗೆ ಒತ್ತಿಕೊಂಡು
ಒಂದೂವರೆ ಮೊಳ ನೆರಳಿದೆ;
ಅಲ್ಲಿ ಏನು ಬಾಳೀತು ಎಂದು ಕೇಳಲು ಬಂದೆ.

"ಮೊದಲ ಇದು ಹೇಳ್ರಿ, ಯಾವುದರ ನೆರಳು?"
ಘಮನೀಬಾಯಿಯ ಪ್ರಶ್ನೆ. ಗೋಡೆಯದು, ಅಂದೆ.
"ಗ್ವಾಡಿ ನೆರಳಿಗಿ ಉಸುರಿರಲ್ಲ.
ಹುಣಸಿದು ತನ್ನ ಬುಡಕ ಹುಲ್ಲೂ ಬರಗೊಡಲ್ಲ.
ಬೇವಿಂದು ಜರಡಿ ಹಿಡದಂಗ, ಛಲೋ.
ಸಾಗವಾನಿದು ಮಾತ್ರ ಬೀಗರಿದ್ದಂಗ ನೋಡ್ರಿ,
ಮಳ್ಯಾಗ ಛತ್ರಿ ಹಿಡಿತಾದ,
ಬ್ಯಾಸಗ್ಯಾಗ ಮಾರಿ ತೋರ್ಸಲ್ಲ."

"ಅದಕ್ಕೇ ಬುಡದಾಗಿನವು ಮಲಗ್ತಾವ," ಅಂದಳು ಖಮರುನ್ನಿಸಾ,
"ನೆರಳಿಲ್ದಾಗ ಎಚ್ಚರಿದ್ದು ಏನ್ ಮಾಡಬೇಕು?"

ಮಾತು ಹೀಗೇ ಹೋಯಿತು:
ಕಾಡರಿಶಿಣವನ್ನು ಹಂದಿ ಉತ್ತು ತಿಂದ ವರ್ಷ,
ಕೆಸುವನ್ನು ಕಚ್ಚಿ, ಗಂಟಲು ಕೆರೆದು, ಬೈದು ಹೋದ ವರ್ಷ.
ಶತಾವರಿಗೆ ಬಂದ ಮುಳ್ಳುಹಂದಿ ಒಂದು ಮುಳ್ಳು ಮರೆತು ಹೋಗಿದೆ,
ಅದರಿಂದಲೇ ಈಗ ಇವಳು ಬೀಜ ಊರಲು ತೂತು ಹಾಕುತ್ತಾಳೆ.
ರಾತ್ರಿ ಕರಡಿ ಕೆಮ್ಮಿದರೆ
ಮಗ್ಗುಲಾಗುತ್ತಾಳೆ, ಅಷ್ಟೆ.

ಗಾರ್ಡು ಬಂದು ಕೇಳಿದ್ದನಂತೆ,
ಈ ಗಡ್ಡೆ ಅಭಯಾರಣ್ಯದ್ದಲ್ಲವೇ?
"ನಮ್ಮವ್ವ ತಂದಾಗ ಅದು ಅಭಯಾರಣ್ಯ ಇರಲಿಲ್ಲಪ್ಪ,
ಅಡವಿ ಇತ್ತು," ಅಂದಳಂತೆ ಘಮನೀಬಾಯಿ.
ಅವನು ನಿಂತೇ ಚಹಾ ಕುಡಿದು ಹೋದ.
ಮುಂದಿನ ವಾರ ಹೆಂಡತಿಗೆಂದು ಒಂದೆಲಗ ಕೇಳಿಕೊಂಡು ಬಂದ.

ಆಗ ನಾನೂ ನನ್ನ ತಪ್ಪು ಹೇಳಿದೆ.
ಮೂರು ವರ್ಷದ ಹಿಂದೆ ನೆಲಸಂಪಿಗೆ ಸಿಕ್ಕಿತ್ತು.
ಚಳಿಗೆ ಎಲೆ ಹಳದಿಯಾಯಿತು, ಬಿತ್ತು, ಏನೂ ಉಳಿಯಲಿಲ್ಲ.
ದಿನಾ ನೀರು ಹಾಕಿದೆ, ಗೊಬ್ಬರ ಹಾಕಿದೆ,
ಬೆರಳಿಟ್ಟು ಕೆದಕಿದೆ.
ಆಮೇಲೆ ಕುಂಡವನ್ನೇ ಓಣಿಯ ತಿಪ್ಪೆಗೆ ಕವುಚಿದೆ.

ಘಮನೀಬಾಯಿ ಬಶಿ ಕೆಳಗಿಟ್ಟಳು.
"ಸತ್ತಿರಲಿಲ್ರಿ ಅದು.
ಎಬ್ಸಿ ಎಬ್ಸಿ ಕೊಂದ್ರಿ."

ಅಡವಿಯಲ್ಲಿ ಒಂದು ಒಣ ಎಲೆ, ರೊಟ್ಟಿ ಮುರಿದ ಹಾಗೆ.

ಬಹಳ ಹೊತ್ತಿನ ಮೇಲೆ, ನನಗಲ್ಲ, ಮತ್ತಿ ಮರಕ್ಕೆಂಬಂತೆ ಅಂದಳು:
"ನನ್ ಮಗಳು ಸೋನಿ ಹೋದ ವರ್ಷ
ನಾನೂ ಹಂಗೇ ಮಲಗಿದ್ದೆ, ನಾಕು ತಿಂಗಳು.
ತಾಂಡಾದೋರೆಲ್ಲ ಬಂದು ಏಳು, ಉಣ್ಣು, ಅಳು ಅಂತಿದ್ರು.
ಈಕಿ ಬರ್ತಿದ್ಳು. ಬಾಗಲಾಗ ಕೂತು ಅಕ್ಕಿ ಆರಸ್ಕೊಂಡು,
ಏನೂ ಅನ್ದೇ ಹೋಗ್ತಿದ್ಳು."
ಖಮರುನ್ನಿಸಾ ಖಾಲಿ ಬಶಿಗಳನ್ನು ಒಂದರ ಮೇಲೊಂದು ಇಟ್ಟಳು.
"ಅರೇ, ನಿನ್ ಮನಿ ಬಾಗಲಾಗ ಗಾಳಿ ಛಲೋ ಬರ್ತಿತ್ತು," ಅಂದಳು.

ಹೊರಡುವಾಗ ಒಂದು ಡಬ್ಬಿ ಕೊಟ್ಟರು.
ಮಳೆ ಬರೋತನಕ ನೀರು ಬ್ಯಾಡ.
ಮೊದಲ ಹೂವು ಬರ್ತಾದ, ಬರೀ ನೆಲದಾಗಿಂದ,
ಎಲಿ ಆಮ್ಯಾಲ.
ನೋಡ್ರಿ, ಕೆದಕಬ್ಯಾಡ್ರಿ.

ಚಿಂಚೋಳಿ ದಾಟಿದ ಮೇಲೆ ಕಂಡಕ್ಟರ್ ಬಗ್ಗಿ ನೋಡಿದ.
"ಏನದ ಇದರಾಗ?"
ಮಣ್ಣು, ಅಂದೆ.
"ಮಣ್ಣಿಗೆಲ್ಲಿ ಟಿಕೇಟ್," ಅಂತ ಮುಂದೆ ಹೋದ.

ರಸ್ತೆ ತಿರುಗಿ ಬಿಸಿಲು ನನ್ನ ಕಿಟಕಿಗೆ ಬಂತು.
ಪಕ್ಕದ ಸೀಟಿನ ಹುಡುಗಿ ನೋಡುತ್ತಲೇ ಇದ್ದಳು,
ನಾನು ಆ ಖಾಲಿ ಡಬ್ಬಿಗೆ
ಸೆರಗು ಮುಚ್ಚಿ ಕೂತದ್ದನ್ನು.