ಬಾಗಿಲ ತಾತ

ಬರ್ರಾ ಊರಿನಾಚೆ, ಗೋಧಿ ಸೀಮೆಯ ರಸ್ತೆಯಲ್ಲಿ
ಲಾರಿಗೆ ಸಿಕ್ಕಿ ಸತ್ತ ಕಂದು ಹಾವನ್ನು
ಮ್ಯೂಸಿಯಮ್ಮಿನ ಹುಡುಗ ಕೊಯ್ದ.
ಹೊಟ್ಟೆಯೊಳಗೊಂದು ಹಲ್ಲಿ, ಗೇಣುದ್ದವೂ ಇಲ್ಲ.
ಮೂವತ್ತು ವರ್ಷದಿಂದ ಯಾರೂ ಕಂಡಿಲ್ಲವಂತೆ,
ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದಾಗಿತ್ತಂತೆ.
ಹಾವು ಆ ಪಟ್ಟಿ ಓದಿರಲಿಲ್ಲ.

ಪೇಪರಿನಲ್ಲಿ ಫೋಟೋ ಬಂದ ದಿನ
ಮರ್ಲ್ ಟ್ರೆಲೋರ್ ಕನ್ನಡಕ ಒರೆಸಿಕೊಂಡಳು.
ಟೀ ಆರಿತು.
‘ಅಯ್ಯೋ, ಇವನು ನಮ್ಮ ಬಾಗಿಲ ತಾತ!’

ಎಂಟು ವರ್ಷದವಳಿದ್ದಾಗ, ಹಿತ್ತಿಲ ಗುಡ್ಡದಲ್ಲಿ,
ಜೇಡ ತೊರೆದುಹೋದ ಬೆರಳಗಲದ ಬಿಲಗಳಿಗೆ
ತಮ್ಮನ ಜೊತೆ ಹುಲ್ಲುಕಡ್ಡಿ ತೂರಿಸಿ ಕೆಣಕುತ್ತಿದ್ದಳು.
ಒಳಗಿಂದ ದಪ್ಪ ತಲೆಯೊಂದು ಮೇಲೆ ಬಂದು
ಕಡ್ಡಿ ಕಚ್ಚಿ, ಜಗ್ಗಿ,
ಬಾಡಿಗೆ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿ
ಮತ್ತೆ ಕತ್ತಲಿಗೆ.
ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಈಗ ಜೀಪಿನಲ್ಲಿ ಬಂದವರು ಮಂಡಿಯೂರಿ
ಬಿಲಬಿಲಕ್ಕೂ ಸಣ್ಣ ಕ್ಯಾಮೆರಾ ಇಳಿಸುತ್ತಾರೆ.
‘ಈ ನೆಲವನ್ನು ಹೇಗೆ ಕಾಪಾಡಿದಿರಿ, ಅಮ್ಮ?’
ಅವಳಿಗೆ ನಗು. ಕಾಪಾಡುವುದೆಲ್ಲಿಂದ ಬಂತು?
ಅಪ್ಪ ಒಮ್ಮೆ ಟ್ರ್ಯಾಕ್ಟರ್ ಇಳಿಸಿದ್ದ.
ಮೊದಲ ಸಾಲಿಗೇ ಕಲ್ಲು ತಾಗಿ ಕುಳ ಮುರಿಯಿತು.
ಬಾಯ್ತುಂಬ ಬೈದು, ಕುರಿ ಬಿಟ್ಟ.
ಅಷ್ಟೇ.

ಜೀಪಿನ ಧೂಳು ಇಳಿದ ಮೇಲೆ
ಎಪ್ಪತ್ತರ ಮಂಡಿ ಬೇಡವೆಂದರೂ ಕೂತಳು.
ಒಣಹುಲ್ಲೊಂದು ಕಿತ್ತು, ತೂರಿಸಿ, ಕಾದಳು.
ತಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಿಸಕ್ಕೆನ್ನುತ್ತಿದ್ದ.

ಕಡ್ಡಿಯ ಆ ತುದಿಯಿಂದ
ಬೆರಳಿಗೆ ಬಂತು
ಒಂದು ಸಣ್ಣ, ಸಿಡುಕಿನ ಜಗ್ಗು.