ಗಾಳಿ ತುಂಬುವವನ ಲೆಕ್ಕ

ತುಲಾಂಬೆನ್ನಿನ ಕಪ್ಪುಕಲ್ಲಿನ ದಡದಲ್ಲಿ
ನನ್ನದು ಗಾಳಿ ವ್ಯಾಪಾರ.
ನಗಬೇಡಿ. ಗಾಳಿಮಾತಲ್ಲ, ನಿಜವಾದ ಗಾಳಿ:
ಕಂಪ್ರೆಸರಿನ ಕೊಳವೆಯನ್ನು ತಾಳೆಮರದ ನೆತ್ತಿಗೆ ಕಟ್ಟಿ
ಅಗುಂಗ್ ಬೆಟ್ಟದ ಕಡೆಯಿಂದ ಇಳಿದದ್ದನ್ನು
ಹಿಡಿದು, ಸೋಸಿ, ಅದುಮಿ, ಇನ್ನೂ ಅದುಮಿ
ಸಿಲಿಂಡರಿಗೆ ಇನ್ನೂರು ಬಾರ್.
ಒಂದು ಬಚ್ಚಲಿನಷ್ಟು ಬೆಳಗು
ಅಂಬೆಗಾಲಿನ ಮಗುವಿನುದ್ದದ ಡಬ್ಬಿಯಲ್ಲಿ.

ಹೆಂಡತಿ ದಿನಾ ಯಂತ್ರದ ಮೇಲೆ
ಎಲೆದೊನ್ನೆಯಲ್ಲಿ ಹೂವಿಟ್ಟು ಊದುಬತ್ತಿ ಹಚ್ಚುತ್ತಾಳೆ.
ಅವಳು ಬೆನ್ನು ತಿರುಗಿಸುವುದೇ ತಡ
ದೊನ್ನೆಯನ್ನೆತ್ತಿ ಗಾಳಿ ಹೋಗುವ ಕಡೆಗೆ ಇಡುತ್ತೇನೆ:
ಸ್ವಾಮಿ, ಸಿಟ್ಟಾಗಬೇಡ, ನಿನ್ನ ಹೊಗೆಯನ್ನು
ಯಾರೂ ಇಪ್ಪತ್ತು ಮೀಟರ್ ಆಳದಲ್ಲಿ ಉಸಿರಾಡಬಾರದು.
ಒಮ್ಮೆ ಮರೆತೆ. ಆ ದಿನ ಮೇಲೆ ಬಂದ ಫಿನ್ಲೆಂಡಿನ ಮುದುಕಿ
ಮುಖವಾಡ ಕಿತ್ತು ಗೈಡನ್ನು ಕೇಳಿದಳಂತೆ,
ಹಡಗಿನೊಳಗೆ ಗುಡಿ ಇದೆಯಾ?

ಹಡಗು ಯುದ್ಧದ ಕಾಲದ್ದು.
ಬೆಟ್ಟ ಬೆಂಕಿ ಉಗುಳಿದ ವರ್ಷ
ದಡದಿಂದ ಜಾರಿ ನೀರಿಗೆ ಮಗುಚಿಕೊಂಡದ್ದು.
ನಾನು ಕಂಡಿಲ್ಲ. ಹದಿನಾರರಲ್ಲಿ ಎಡಗಿವಿಯ ತಮಟೆ ಹರಿಯಿತು,
ಅಲ್ಲಿಗೆ ಕಡಲಿನ ಬಾಗಿಲು ಮುಚ್ಚಿತು.
ಕಂಡವರು ಹೇಳುತ್ತಾರೆ, ಅದೂ ಕೈಯಲ್ಲೇ;
ನೀರಿನಡಿ ಮಾತಿಲ್ಲದ ಅಭ್ಯಾಸ ದಡಕ್ಕೆ ಬಂದರೂ ಬಿಡದು.
ಮುಷ್ಟಿಯನ್ನು ಹಣೆಗಿಟ್ಟರೆ ಬುಗುಟು ಹಣೆಯ ಗಿಳಿಮೀನು,
ಕಿರುಬೆರಳು ನೆಟ್ಟಗೆ ನಿಂತು ತೂಗಿದರೆ
ಮರಳಲ್ಲಿ ಬೇರುಬಿಟ್ಟ ಹಾವುಮೀನಿನ ತೋಟ.

ಉಳಿದದ್ದನ್ನು ಸಿಲಿಂಡರ್ ಹೇಳುತ್ತದೆ.
ಮರಳಿ ಬಂದದ್ದಕ್ಕೆ ಮೀಟರು ಹಚ್ಚಿ ಮುಳ್ಳು ಓದುತ್ತೇನೆ.
ನೂರಿಪ್ಪತ್ತು ಉಳಿಸಿ ತಂದವಳು ಆ ಮುದುಕಿ,
ಮೂವತ್ತು ವರ್ಷ ಟ್ರಾಮ್ ಓಡಿಸಿದವಳು,
ಮುಂದಿನ ನಿಲ್ದಾಣ ಎಲ್ಲೂ ಓಡಿಹೋಗದೆಂದು ಬಲ್ಲವಳು.
ಇಪ್ಪತ್ತು ಉಳಿಸಿದವನು ತೋಳಿನ ತುಂಬ ಹಚ್ಚೆಯ ಜಟ್ಟಿ,
ಹೊಸ ಮದುವೆ;
ಹೆಂಡತಿ ಮೀನು ನೋಡುತ್ತಿದ್ದಾಗ ಹೆದರಿದ್ದಾನೆ.
ನಾನು ಯಾರಿಗೂ ಹೇಳುವವನಲ್ಲ.
ಒಬ್ಬರ ಉಸಿರಿನ ಗುಟ್ಟನ್ನು ಗಾಳಿಗೆ ತೂರಬಾರದು.

ಇಲ್ಲಿಂದ ನೀರಿನವರೆಗೆ ಹೊರುವವಳು ನೆಂಗಾ ರೆನಿಂಗ್.
ತಲೆಗೆ ಸಿಂಬಿ, ಸಿಂಬಿಯ ಮೇಲೆ ಅಡ್ಡಡ್ಡ ಎರಡು ಸಿಲಿಂಡರ್,
ಕಾಲಡಿಗೆ ಉರುಳುವ ಗುಂಡುಕಲ್ಲು.
ಕೈಬಿಟ್ಟು ನಡೆಯುತ್ತಾಳೆ, ಮೊಮ್ಮಗನನ್ನು ಗದರುತ್ತಾ.
ಗಾಳಿಗೂ ತೂಕವಿದೆಯೆಂದು
ನನಗೆ ಶಾಲೆ ಕಲಿಸಲಿಲ್ಲ, ಅವಳ ಕತ್ತು ಕಲಿಸಿತು.

ಮಗಳಿಗೆ ಜ್ವರವಿದ್ದ ವಾರ, ಮೂರು ರಾತ್ರಿಯ ನಿದ್ದೆಗೇಡು.
ತುಂಬದ ಒಂದರ ಬಾಯಿಗೆ
ತುಂಬಿದ ಗುರುತಿನ ಪಟ್ಟಿ ಅಂಟಿಸಿಬಿಟ್ಟಿದ್ದೆ.
ಮುಳುಗುವವರು ಮುಳ್ಳು ನೋಡಿಯೇ ಇಳಿಯುತ್ತಾರೆ, ಗೊತ್ತು.
ನೋಡದ ದಿನವೂ ಬರುತ್ತದೆ, ಅದೂ ಗೊತ್ತು.
ಹತ್ತು ಹೆಜ್ಜೆ ಹೋದ ರೆನಿಂಗ್ ನಿಂತಳು.
ಹಿಂದಿರುಗಿ ಬಂದು, ನನ್ನ ಕಾಲ ಬಳಿ ಇಳಿಸಿ
“ಇದು ಹಗುರ” ಎಂದಳು.
ಬೇರೆಯದನ್ನೆತ್ತಿಕೊಂಡು ನಡೆದಳು.

ಆ ಮಧ್ಯಾಹ್ನ ಹಚ್ಚೆಯವನು ಆಮೆ ಕಂಡನಂತೆ.
ಗೈಡಿಗೆ ಕೈತುಂಬ ಭಕ್ಷೀಸು ಕೊಟ್ಟ.

ಸಂಜೆ ಕೊನೆಯ ಸಿಲಿಂಡರಿನಲ್ಲಿ ಐವತ್ತು ಉಳಿದಿತ್ತು.
ರೆಗ್ಯುಲೇಟರ್ ಸಿಕ್ಕಿಸಿ, ಕುಡಿದು ನೋಡು ಎಂದೆ.
ಹದಿನೆಂಟು ವರ್ಷ ಹೊತ್ತವಳು, ಸಿಂಬಿಯನ್ನು ಅಡಿಗೆ ಹಾಕಿ ಕೂತು
ರಬ್ಬರು ಕಚ್ಚಿ, ಕಣ್ಣು ಮುಚ್ಚಿ
ನಾಲ್ಕು ಉಸಿರು ಎಳೆದಳು.
ತೆಗೆದು ತುಟಿ ಸವರಿಕೊಂಡಳು.
“ಒಣಕಲು. ರುಚಿಯೇ ಇಲ್ಲ.
ಇಷ್ಟಕ್ಕೇನಾ ಅಷ್ಟು ಭಾರ?”
ನಕ್ಕು, ಮತ್ತೆ ಕಚ್ಚಿ,
ಐದನೆಯದನ್ನೂ ಎಳೆದಳು.