ಹೆಸರಿನ ವ್ಯಾಪಾರ

ಹೆಸರಿನ ವ್ಯಾಪಾರ ಅಂದೆ.
ಮಂಡಿಪೇಟೆಯ ದಲಾಲರು ಹೆಸರುಕಾಳು ಅಂದುಕೊಂಡರು.
'ಕ್ವಿಂಟಾಲಿಗೆ ಏನು ನಡೀತಾ ಐತೆ?'
ಅಂಗೈಗೆ ಸುರಿದು ಉಗುರಲ್ಲಿ ಗೀರಿ ತೋರಿಸಲು
ನನ್ನ ಹತ್ತಿರ ಕಾಳಿರಲಿಲ್ಲ.
ಇದ್ದದ್ದು ಒಂದು ರೆಕ್ಸಿನ್ ಡೈರಿ,
ಅದರಲ್ಲಿ ಪುರಾತನರ ಲೆಕ್ಕದಲ್ಲಿ ಅರವತ್ತಮೂರು ಹೆಸರು,
ಹೆಸರಿಗೊಂದು ಚುಕ್ಕಿ, ಚುಕ್ಕಿಗೊಂದು ಬಾಲ.

ಅಪ್ಪ ಬೈಪಾಸಿನ ಪಕ್ಕ ಸೈಟು ಹಿಡಿದವನು,
ಕಲ್ಲು ನೆಟ್ಟು ಸುಣ್ಣ ಬಳಿದು
ಊರು ಇಲ್ಲಿಗೆ ಬರಲಿ ಅಂತ ಕಾದವನು.
ಊರು ಬಂತು.
ನಾನೂ ಕಾದೆ, ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಇಳಿಸಿ:
ಬೆಣ್ಣೆದೋಸೆಗೆ ಮೂರು ಬಾಲದಲ್ಲಿ ಮೂರು,
ಮಂಡಕ್ಕಿಗೆ ಎರಡು, ಒಂದರ ಕಾಗುಣಿತ ತಪ್ಪು, ಬೇಕಂತಲೇ,
ಮುಚ್ಚಿದ ಹತ್ತಿ ಗಿರಣಿಗೂ ಒಂದು.
ದೋಸೆಯವರು ಯಾರೂ ಫೋನ್ ಮಾಡಲಿಲ್ಲ.
ಅವರ ಹೆಸರು ಹಂಚಿನ ಮೇಲೇ ಇತ್ತು.

ಆಸೆಯಿದ್ದದ್ದು ಒಂದರ ಮೇಲೆ.
ಪೇಟೆಯ ಸಹಕಾರ ಬ್ಯಾಂಕಿನ ಹೆಸರು,
ಎಂಟು ವರ್ಷದ ಹಿಂದೆ, ಅವರಿಗಿಂತ ಮೊದಲು
ನಾನು ಬರೆಸಿಕೊಂಡದ್ದು.
ಎರಡು ಲಕ್ಷ ಅಂದುಕೊಂಡಿದ್ದೆ.
ಮಗಳ ಡಿಪ್ಲೊಮಾ ಫೀಸು ಅದರೊಳಗೇ ಕೂತಿತ್ತು.

ಆಷಾಢದ ಗಾಳಿಯಲ್ಲಿ ಪಂಚಾಕ್ಷರಯ್ಯ ಬಂದರು,
ಬ್ಯಾಂಕಿನ ಕಾರ್ಯದರ್ಶಿ, ಕಂಕುಳಲ್ಲಿ ಫೈಲು.
ಕುರ್ಚಿ ಒರೆಸಿದೆ. ಚಹಾ ಹೇಳಿದೆ.
ಅವರು ಕೊಳ್ಳಲು ಬಂದಿರಲಿಲ್ಲ,
ಸ್ಕ್ಯಾನ್ ಮಾಡಿಸಲು ಬಂದಿದ್ದರು.
'ಹೊಸ ಬಾಲ ಬಂದೈತಪ್ಪ, ಬ್ಯಾಂಕಿನವರಿಗೆ ಮಾತ್ರ.
ಲೈಸೆನ್ಸು ತೋರಿಸಬೇಕು, ಠರಾವು ತೋರಿಸಬೇಕು,
ಇರೋರು ಇದ್ದೀವಿ ಅಂತ ರುಜುವಾತು ಮಾಡಬೇಕು.
ದುಡ್ಡು ಎಷ್ಟು ಸುರಿದ್ರೂ ಬೇರೆಯವರಿಗೆ ಸಿಗಲ್ಲ.'
'ನನಗೆ?'
ಎಲೆಯಡಿಕೆ ಬಾಯಲ್ಲೇ ನಕ್ಕರು.
'ನೀನು ಬ್ಯಾಂಕೇನೋ?'

ಇಪ್ಪತ್ತೆರಡು ಹಾಳೆ. ಹಾಳೆಗೆ ಐದು ರೂಪಾಯಿ.
ಎರಡು ಲಕ್ಷದ ಜಾಗದಲ್ಲಿ ನೂರಾ ಹತ್ತು
ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿದೆ.

ಕೊಳ್ಳಲಾಗದ್ದಕ್ಕೆ ಬೆಲೆ ಯಾರು ಕಟ್ಟುತ್ತಾರೆ?
ರಾತ್ರಿಯೆಲ್ಲ ಅದೇ.
ನನ್ನ ಬಾಲಗಳು ಸಂತೆಯ ಬಾಗಿಲು, ಯಾರೂ ನುಗ್ಗಬಹುದು.
ನುಗ್ಗಬಹುದು ಅಂತಲೇ ನಾನು ನುಗ್ಗಿದ್ದು.

ಆ ವಾರವೇ ಬಾಷಾ ನಗರದ ಜರೀನಾಬಿ ಬಂದಳು,
ಮಂಡಕ್ಕಿ ಭಟ್ಟಿಯಿಂದ ನೇರ, ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
ಮೊಬೈಲು ಮುಂದಿಟ್ಟು,
'ಇದು ಬ್ಯಾಂಕೇ ಅಲ್ವಾ ಅಣ್ಣ?'
ಬ್ಯಾಂಕಿನ ಹೆಸರೇ. ಒಂದಕ್ಷರ ಹೆಚ್ಚು.
ಮೂವತ್ತೆಂಟು ಸಾವಿರ ಹೋಗಿತ್ತು.
ಭತ್ತ ನೆನೆಸಿ, ಬೇಯಿಸಿ, ಒಣಗಿಸಿ,
ಕಾದ ಮರಳಲ್ಲಿ ಅರಳಿಸಿ
ಚೀಲಕ್ಕಿಷ್ಟು ಅಂತ ಕೂಡಿಟ್ಟದ್ದು.
ಅವಳು ಹೋದ ಮೇಲೆ ಡೈರಿ ತೆಗೆದೆ, ಎರಡು ಸಲ.
ನನ್ನದಲ್ಲ.
ನನ್ನದರ ಪಕ್ಕದ ಮನೆಯದು.
'ಅಕ್ಷರ ಕೂಡಿಸಿ ಓದಿದ್ದೆ ಅಣ್ಣ' ಅಂದಿದ್ದಳು.
ಚುಕ್ಕಿಯ ಆಚೆಗೂ ಓದಬೇಕು ಅಂತ
ಅವಳಿಗೆ ಯಾರು ಹೇಳಿದ್ದರು?

ಶ್ರಾವಣದಲ್ಲಿ ಫೋನು ಬಂತು. ಊರಿಲ್ಲದ ನಂಬರು, ಹಿಂದಿ ಮಾತು.
ಬ್ಯಾಂಕು ಬೇಡವೆಂದ ಹೆಸರಿಗೆ ಮೂರು ಲಕ್ಷ.
ಇವತ್ತೇ. ಯಾಕೆ ಅಂತ ಕೇಳಬಾರದು.
ಕೇಳಲಿಲ್ಲ. ಕೇಳದೆಯೇ ಗೊತ್ತಾಯಿತು.
ಗೋಡೆಯ ಕ್ಯಾಲೆಂಡರಿನಲ್ಲಿ ಫೀಸಿನ ಕಡೇ ದಿನ ಕೆಂಪಗಿತ್ತು.
'ನೋಡ್ತೀನಿ' ಅಂದೆ.
'ಇಲ್ಲ' ಅನ್ನಲಿಲ್ಲ, ಅದನ್ನೂ ಬರೆದಿಡಬೇಕು.
ಮೂರು ದಿನ ನೋಡಿದೆ.
ನಾಲ್ಕನೆಯ ದಿನ ಆ ನಂಬರು ಮತ್ತೆ ಬಂತು,
ರಿಂಗಾಗಿ ರಿಂಗಾಗಿ ಸುಮ್ಮನಾಯಿತು.
ಫೀಸಿಗೆ ಹೆಂಡತಿಯ ಬಳೆ ಹೋದವು.

ಅರವತ್ತೆರಡನ್ನು ಬಿಟ್ಟಿದ್ದೇನೆ, ಅವಧಿ ತೀರಿದ ಹಾಗೆ.
ಒಂದಕ್ಕೆ ಮಾತ್ರ ವರ್ಷಕ್ಕೆ ಒಂಬೈನೂರು ಚಿಲ್ಲರೆ ಕಟ್ಟುತ್ತೇನೆ.
ತೆರೆದರೆ ಏನೂ ಇಲ್ಲ, ಬಿಳಿ ಪುಟ.
ಪಂಚಾಕ್ಷರಯ್ಯನವರಿಗೆ ಹೇಳಿಲ್ಲ,
ಹೇಳಿದರೆ ಅದಕ್ಕೂ ಠರಾವು ಮಾಡುತ್ತಾರೆ.

ಮಂಡಿಪೇಟೆಯಲ್ಲಿ ಈಗಲೂ ಕೂಗಿ ಕೇಳುತ್ತಾರೆ,
'ಹೆಸರು ಹೆಂಗೈತಪ್ಪ?'
'ಒಂದೇ ಕಾಳು ಉಳಿದೈತೆ.'
'ಬಿತ್ತನೆಗಾ?'
'ಅಲ್ಲ.'
'ಮತ್ಯಾಕೆ ಇಟ್ಟೀಯ?'
'ಇಲಿ ತಿನ್ನದಿರಲಿ ಅಂತ.'